ಮೇಸ್ತ್ರಿ ಕೈ ಹಾಕಿದ ಕಾರು

ಆ ಕಾರಿನ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಅದನ್ನು ಮಾಡಿದವರು ಒಳ್ಳೆಯದನ್ನೇ ಮಾಡಿದ್ದರು. ಹಾಳು ಮಾಡಿದವರು ನಮ್ಮ ಕಡೆಯವರು, ಮಾರಿದವರು ನಮ್ಮ ಕಡೆಯವರು, ನೋಡಿ ‘ಚೆನ್ನಾಗಿದೆ, ತಗೋ’ ಎಂದ ಮಹಾನುಭಾವ ನಾನು. ಬಾಳಗಡಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಶೇಷಪ್ಪ ಎಂದರೆ ನಾನೇ. ಹದಿನೇಳು ವರ್ಷದಿಂದ ಕೊಪ್ಪದ ಸುತ್ತಮುತ್ತ ಹಳೇ ಗಾಡಿ ಕೊಳ್ಳುವವರು ನನಗೆ ಒಮ್ಮೆ ತೋರಿಸಿಯೇ ಅಡ್ವಾನ್ಸ್ ಕೊಡುತ್ತಿದ್ದರು. ‘ಶೇಷಪ್ಪ ನೋಡಿದ್ದಾನಾ?’ ಎಂದು ಕೇಳುವುದು ರೂಢಿಯಾಗಿತ್ತು. ನಾನು ಸಂಪಾದಿಸಿದ ಆಸ್ತಿ ಎಂದರೆ ಆ ಮಾತೊಂದೇ.

ಎರಡು ಸಾವಿರದ ಆರನೇ ಇಸವಿ, ಫೆಬ್ರವರಿ. ಕಮ್ಮರಡಿಯ ಸೀತಾರಾಮ ನನ್ನ ಗ್ಯಾರೇಜಿಗೆ ಬಂದು ಟೈರಿನ ಮೇಲೆ ಕೂತ. ಹೈಸ್ಕೂಲಿನಿಂದ ನನ್ನ ಗೆಳೆಯ. ಕಮ್ಮರಡಿಯಿಂದ ಕೊಪ್ಪಕ್ಕೆ ಟ್ರಿಪ್ ಜೀಪು ಓಡಿಸುತ್ತಿದ್ದ. ಬಸ್ಸುಗಳು ಹೆಚ್ಚಾಗಿ ಜೀಪಿಗೆ ಜನ ಕಡಿಮೆಯಾಗಿದ್ದರು. ಮದುವೆ ಮನೆಯವರಿಗೆ ದೊಡ್ಡ ಕಾರು ಬಾಡಿಗೆಗೆ ಕೊಟ್ಟರೆ ಹೇಗೆ ಎಂಬ ಯೋಚನೆ ಅವನ ತಲೆಗೆ ಹೊಕ್ಕಿತ್ತು.

‘ನರಸಿಂಹರಾಜಪುರದಲ್ಲಿ ನಿಮ್ಮ ಮೇಸ್ತ್ರಿ ಶೆಡ್ಡಲ್ಲೇ ಒಂದು ಕಾರು ನಿಂತದೆ ಮಾರಾಯ. ಕರೀ ಬಣ್ಣ. ಬಾಗ್ಲು ಹಾಕಿದ್ರೆ ಸದ್ದೇ ಬರಲ್ಲ. ಯಾರೋ ಎಸ್ಟೇಟಿನೋರದ್ದಂತೆ, ಎಂಟು ವರ್ಷ ಆಗಿದೆ. ಮೂರು ಮುಕ್ಕಾಲು ಲಕ್ಷಕ್ಕೆ ಕೊಡ್ತಾರಂತೆ’ ಎಂದ.

‘ಹೊಸದಕ್ಕೆ ಮೂವತ್ತು ಲಕ್ಷ ಆಗೋ ಕಾರು ಮೂರು ಮುಕ್ಕಾಲಕ್ಕೆ ಯಾಕೆ ಕೊಡ್ತಾರೆ ಅಂತ ಕೇಳ್ದ್ಯಾ?’

‘ಅದನ್ನ ಕೇಳಕ್ಕೇ ನೀನಿರೋದು. ನೀನು ಬೇಡ ಅಂದ್ರೆ ಬೇಡ. ಜೀಪು ಮಾರಿ ತಗಳ್ತಾ ಇರೋದು, ಇನ್ನೊಂದು ಸಲ ಮಾರಕ್ಕೆ ನನ್ನತ್ರ ಎಂತದೂ ಇಲ್ಲ.’

ಈ ಮಾತನ್ನು ಅವನು ಸ್ಪಷ್ಟವಾಗಿ ಹೇಳಿದ್ದ. ನನಗೆ ಕೇಳಿಸಲಿಲ್ಲ ಎಂದು ಹೇಳುವ ಹಾಗಿಲ್ಲ.

ಮಲ್ಲೇಶಪ್ಪ ಮೇಸ್ತ್ರಿ ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಏಳು ವರ್ಷ ಅವರ ಶೆಡ್ಡಿನಲ್ಲೇ ಮಲಗಿದ್ದೆ, ಅವರ ಹೆಂಡತಿ ನೀಲಾಂಬಿಕಮ್ಮನ ಕೈಯ ರೊಟ್ಟಿ ತಿಂದಿದ್ದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು, ಮೊದಲು ಕೈ ತೊಳೆದು ಆಮೇಲೆ ಎಂಜಿನ್ ಮುಟ್ಟುವ ಮನುಷ್ಯ. ಒಂದು ಬೋಲ್ಟ್ ಬಿಗಿ ಮಾಡಿದರೆ ಅದರ ತಲೆಯ ಮೇಲೆ ಕೆಂಪು ಎನಾಮೆಲ್ ಬಣ್ಣದ ಒಂದು ಚುಕ್ಕೆ ಇಡುತ್ತಿದ್ದರು. ಇದು ಸರಿಯಾಗಿದೆ, ಇನ್ನು ಯಾರೂ ಮುಟ್ಟಬೇಡಿ ಎಂದು ಅದರ ಅರ್ಥ. ಅವರ ಹತ್ತಿರ ಕಲಿತು ಶೃಂಗೇರಿ, ಕೊಪ್ಪ, ಬಾಳೆಹೊನ್ನೂರಿನಲ್ಲಿ ಗ್ಯಾರೇಜು ಹಾಕಿದ ನಾವು ಏಳೆಂಟು ಜನ ಇದ್ದೇವೆ. ಕೆಂಪು ಚುಕ್ಕೆ ಇದ್ದ ಬೋಲ್ಟಿಗೆ ನಮ್ಮಲ್ಲಿ ಯಾರೂ ಸ್ಪ್ಯಾನರ್ ಹಾಕುವುದಿಲ್ಲ. ಅದನ್ನು ಬಿಚ್ಚಿ ನೋಡುವುದೆಂದರೆ ಮೇಸ್ತ್ರಿಯ ಮುಖಕ್ಕೆ ಹೊಡೆದ ಹಾಗೆ ಎಂದು ತಿಳಿದಿದ್ದೆವು. ದೊಡ್ಡ ಮರ್ಯಾದಸ್ಥರು ನಾವು!

ನಾವು ಹೋದಾಗ ಮೇಸ್ತ್ರಿ ತಾವೇ ಬಾನೆಟ್ ಎತ್ತಿದರು. ಎಂಜಿನ್ನಿನ ಮೇಲ್ಭಾಗ, ಹೆಡ್ ಎನ್ನುತ್ತೇವೆ, ಅದರ ಬೋಲ್ಟುಗಳಲ್ಲೆಲ್ಲ ಕೆಂಪು ಚುಕ್ಕೆ. ನೀರಿನ ಪೈಪುಗಳ ಕ್ಲಿಪ್ಪಿನಲ್ಲೂ ಕೆಂಪು ಚುಕ್ಕೆ.

‘ಹೆಡ್ ನಾನೇ ಬಿಚ್ಚಿ ಕೂರ್ಸಿದ್ದು ಕಣೋ ಶೇಷ. ಓಡಿಸ್ಕಂಡು ಬಾ, ಹಿನ್ನೀರಿನ ಕಡೆ ಹೋಗು. ಆ ರಸ್ತೆ ಚೆನ್ನಾಗದೆ’ ಎಂದರು.

ಹೋದೆವು. ಇಷ್ಟು ವರ್ಷ ಜೀಪುಗಳ ಗೇರ್ ಎಳೆದ ನನ್ನ ಕೈಗೆ ಅದರಲ್ಲಿ ಕೆಲಸವೇ ಇರಲಿಲ್ಲ. ಗೇರ್ ತಾನೇ ಬದಲಾಗುತ್ತಿತ್ತು. ಕಾಲು ಇಟ್ಟದ್ದೇ ತಡ ಕಾರು ಮುಂದೆ ಹಾರಿ ಬೆನ್ನು ಸೀಟಿಗೆ ಅಂಟಿಕೊಂಡಿತು. ಸೀತಾರಾಮ ಮಗುವಿನ ಹಾಗೆ ನಕ್ಕ. ನಾನೂ ನಕ್ಕೆ.

ಬೇರೆ ಯಾರದೇ ಗಾಡಿಯಾಗಿದ್ದರೆ ನಾನು ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಬೆರಳು ಅದ್ದುತ್ತಿದ್ದೆ. ಆಯಿಲ್ ಮುಚ್ಚಳದ ಒಳಗೆ ನೀರು ಸೇರಿ ಬಿಳಿ ನೊರೆ ಎದ್ದಿದೆಯೇ ಎಂದು ನೋಡುತ್ತಿದ್ದೆ. ಮಟ್ಟಸ ರಸ್ತೆ ಬಿಟ್ಟು ಯಾವುದಾದರೂ ಏರಿಗೆ ಹತ್ತಿಸುತ್ತಿದ್ದೆ. ಕೀ ತಿರುಗಿಸಿದಾಗ ಮೀಟರಿನಲ್ಲಿ ಎಲ್ಲ ದೀಪಗಳೂ ಒಮ್ಮೆ ಹೊತ್ತಿ ಆರುತ್ತವೆಯೇ ಎಂದು ಎಣಿಸುತ್ತಿದ್ದೆ. ವಾಪಸ್ಸು ಬಂದಾಗ ಮುಚ್ಚಳದ ಕಡೆ ಕೈ ಹೋಯಿತು, ಸುಳ್ಳು ಹೇಳುವುದಿಲ್ಲ. ಮೇಸ್ತ್ರಿ ಎದುರಿಗೆ ನಿಂತಿದ್ದರು. ಅವರ ಮನೆಯಲ್ಲಿ ಉಣ್ಣಲು ಕೂತು ಅನ್ನದಲ್ಲಿ ಕಲ್ಲು ಹುಡುಕಿದ ಹಾಗಾಗುತ್ತದೆ ಎಂದುಕೊಂಡು ಕೈ ಹಿಂದೆ ತೆಗೆದುಕೊಂಡೆ.

‘ಹೆಂಗೆ?’ ಎಂದ ಸೀತಾರಾಮ.

‘ತಗೋ. ಮೇಸ್ತ್ರಿ ಕೈ ಹಾಕಿದ ಗಾಡಿ’ ಎಂದೆ.

ಮೊದಲ ತಿಂಗಳಲ್ಲೇ ಕಾರು ತನ್ನ ಗುಣ ತೋರಿಸತೊಡಗಿತು. ಹಿಂದಿನ ಕಿಟಕಿ ಇಳಿದದ್ದು ಏರಲಿಲ್ಲ. ಅದರ ಮೋಟರಿಗೆ ಒಂಬತ್ತು ಸಾವಿರ. ಬೆಳಿಗ್ಗೆ ಎದ್ದು ನೋಡಿದರೆ ಕಾರು ಹಿಂಭಾಗ ಊರಿ ಹಸು ಮಲಗಿದ ಹಾಗೆ ಮಲಗಿರುತ್ತಿತ್ತು. ಆ ಕಾರಿಗೆ ಹಿಂದೆ ಪ್ಲೇಟು ಸ್ಪ್ರಿಂಗಿಲ್ಲ, ಗಾಳಿ ತುಂಬಿದ ರಬ್ಬರಿನ ಚೀಲ. ಒಂದು ಚೀಲಕ್ಕೆ ಇಪ್ಪತ್ತೆರಡು ಸಾವಿರ, ಅದೂ ಬೆಂಗಳೂರಿಗೆ ಬರೆದು ಹಾಕಿದರೆ ಮೂರು ವಾರಕ್ಕೆ ಬರುತ್ತದೆ. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಒಂದು ಒದೆತ. ಪ್ರತಿ ಸಲವೂ ಸೀತಾರಾಮ ಫೋನು ಮಾಡುತ್ತಿದ್ದ, ಪ್ರತಿ ಸಲವೂ ನಾನು ಸಮಾಧಾನ ಹೇಳುತ್ತಿದ್ದೆ.

‘ದೊಡ್ಡ ಗಾಡಿ ಅಂದ್ಮೇಲೆ ಸಣ್ಣಪುಟ್ಟದ್ದು ಇರ್ತದೆ ಮಾರಾಯ. ಎಂಜಿನ್ ಗಟ್ಟಿ ಅದೆಯಲ್ಲ’ ಎನ್ನುತ್ತಿದ್ದೆ. ಎಂಜಿನ್ ಗಟ್ಟಿ! ಇವತ್ತು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಏಪ್ರಿಲ್ ಕೊನೆಗೆ ಶೃಂಗೇರಿಯ ಛತ್ರದಲ್ಲಿ ಒಂದು ಮದುವೆ. ಹುಡುಗನ ಮನೆ ಕಿಗ್ಗದ ಹತ್ತಿರ. ಮದುಮಕ್ಕಳನ್ನು ಕೂರಿಸಿಕೊಂಡು ಸೀತಾರಾಮ ಮಧ್ಯಾಹ್ನ ಮೂರಕ್ಕೆ ಹೊರಟ. ಕಿಗ್ಗದ ಏರಿನಲ್ಲಿ ಕಾರು ಉಸಿರು ಬಿಟ್ಟಿತು. ಬಾನೆಟ್ಟಿನ ಸುತ್ತ ಹಬೆ ಎದ್ದು, ಹೂವಿನ ಅಲಂಕಾರವೆಲ್ಲ ಬಾಡಿ ಜೋತು ಬಿತ್ತು. ಮದುಮಗಳು ಸೀರೆ ಎತ್ತಿ ಹಿಡಿದುಕೊಂಡು ವಿಡಿಯೋದವನ ವ್ಯಾನಿನಲ್ಲಿ, ಲೈಟು ಸ್ಟ್ಯಾಂಡುಗಳ ನಡುವೆ ಕೂತು ಗಂಡನ ಮನೆಗೆ ಹೋದಳು. ಹುಡುಗನ ಸೋದರಮಾವ ರಸ್ತೆಯಲ್ಲೇ ನಿಂತು, ಎಲ್ಲರ ಎದುರು ಸೀತಾರಾಮನ ಜೇಬಿನಿಂದ ಅಡ್ವಾನ್ಸ್ ವಾಪಸ್ಸು ತೆಗೆಸಿದ.

ಸುದ್ದಿ ತಿಳಿದು ನಾನು ಬೈಕಿನಲ್ಲಿ ಹೋದಾಗ ಅವನು ಕಾರಿಗೆ ಬೆನ್ನು ತಿರುಗಿಸಿ ಮೋರಿ ಕಟ್ಟೆಯ ಮೇಲೆ ಕೂತಿದ್ದ. ಎಂಜಿನ್ ತಣ್ಣಗಾಗುವವರೆಗೆ ಕಾದು, ಅವತ್ತು ತೆಗೆಯದೆ ಬಿಟ್ಟ ನೀರಿನ ಮುಚ್ಚಳವನ್ನು ತೆಗೆದೆ. ಅಡುಗೆಮನೆಯ ವಾಸನೆ ಬಂತು. ಬೆರಳು ಅದ್ದಿದೆ. ಹಳದಿ ಕೆಸರು. ಅರಿಶಿನ.

ಜೀಪಿನ ರೇಡಿಯೇಟರ್ ದಾರಿಯಲ್ಲಿ ಸೋರಿದರೆ ಒಂದು ಹಿಡಿ ಅರಿಶಿನದ ಪುಡಿ ಹಾಕುವುದುಂಟು. ಅದು ತೂತಿಗೆ ಹೋಗಿ ಕೂತು ಸ್ವಲ್ಪ ಹೊತ್ತು ಸೋರಿಕೆ ನಿಲ್ಲಿಸುತ್ತದೆ. ನನಗೆ ಅದನ್ನು ಕಲಿಸಿದವರೂ ಮಲ್ಲೇಶಪ್ಪ ಮೇಸ್ತ್ರಿಯೇ. ‘ಇದು ಮನೆ ಮುಟ್ಟಕ್ಕೆ ಮಾತ್ರ ಕಣೋ, ಮಾರಕ್ಕಲ್ಲ’ ಎಂದು ಅವತ್ತೇ ಹೇಳಿದ್ದರು. ಅಪ್ಪ ಸತ್ತ ದಿನವೂ ನನಗೆ ಅಷ್ಟು ಒಂಟಿ ಅನಿಸಿರಲಿಲ್ಲ.

‘ಎಂತಾಗದೆ?’ ಎಂದ ಸೀತಾರಾಮ.

‘ನೀರು ಕೆಟ್ಟಿದೆ. ಮಂಗಳೂರಿಗೆ ಕಳಿಸಿ ನೋಡಿಸಣ’ ಎಂದೆ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ಅಲ್ಲೇ ಹೇಳಬೇಕಿತ್ತು. ಮೇಸ್ತ್ರಿಗೆ ಗೊತ್ತಿಲ್ಲದೆ ಎಸ್ಟೇಟಿನ ಡ್ರೈವರ್ ಹಾಕಿರಬಹುದು, ಖಾತ್ರಿಯಾಗದೆ ಅವರ ಹೆಸರು ಯಾಕೆ ಎತ್ತಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಲಾರಿಯ ಮೇಲೆ ಕಾರು ಮಂಗಳೂರಿಗೆ ಹೋಯಿತು. ಅಂಥ ಕಾರುಗಳನ್ನೇ ನೋಡುವ ಒಬ್ಬ ಮೆಕ್ಯಾನಿಕ್ ಕಂಪ್ಯೂಟರ್ ಹಚ್ಚಿ ನೋಡಲಿಕ್ಕೇ ಸಾವಿರದ ಐನೂರು ತೆಗೆದುಕೊಂಡ. ಹದಿನೈದು ದಿನ ಬಿಟ್ಟು ನನ್ನ ಗ್ಯಾರೇಜಿಗೆ ಫೋನು ಮಾಡಿದ. ಹೆಡ್ ಬಿರುಕು ಬಿಟ್ಟಿದೆ, ಗೇರ್ ಬಾಕ್ಸ್ ಬಿಚ್ಚಬೇಕು, ಗಾಳಿ ಚೀಲ ಎರಡೂ ಹೋಗಿವೆ, ಎಲ್ಲ ಸೇರಿ ಎರಡು ಲಕ್ಷ ಎಂಬತ್ತು ಸಾವಿರ ಎಂದ.

‘ಹೆಡ್ ಹಿಂದೆ ಒಮ್ಮೆ ಬಿಚ್ಚಿ ಕೂರಿಸಿದ್ದಾರಲ್ಲ?’ ಎಂದು ಕೇಳಿದೆ.

‘ಯಾರು ಹೇಳಿದ್ದು ಮಾರಾಯ್ರೇ? ಕಂಪನಿಯಿಂದ ಬಂದ ಮೇಲೆ ಈ ಹೆಡ್ ಯಾರೂ ಬಿಚ್ಚಲೇ ಇಲ್ಲ. ಬೋಲ್ಟಿನ ತಲೆಗೆ ಬರೀ ಕೆಂಪು ಪೇಂಟ್ ಹಚ್ಚಿದ್ದಾರೆ. ಮತ್ತೆ ಮೀಟರಿನ ಒಳಗೆ ಎಂಜಿನ್ ಹೀಟಾದ್ರೆ ಹೊತ್ತುವ ಬಲ್ಬನ್ನೇ ತೆಗೆದು ಇಟ್ಟಿದ್ದಾರೆ.’

ಆ ಮಧ್ಯಾಹ್ನವೇ ಕಮ್ಮರಡಿಗೆ ಹೋಗಿ ಸೀತಾರಾಮನಿಗೆ ಎಲ್ಲ ಹೇಳಿದೆ. ಅರಿಶಿನದ ವಿಷಯವನ್ನೂ ಹೇಳಿದೆ. ಅವನು ಬೈಯಲಿಲ್ಲ. ‘ನಾಳೆ ಹೋಗಿ ಕೇಳನ ನಡಿ’ ಎಂದ.

ಮಾರನೇ ದಿನ ಹತ್ತು ಗಂಟೆಗೆ ನರಸಿಂಹರಾಜಪುರದ ಶೆಡ್ಡಿನಲ್ಲಿದ್ದೆವು. ನೀಲಾಂಬಿಕಮ್ಮ ‘ಬಾರಪ್ಪ ಶೇಷ, ಎಷ್ಟು ದಿನ ಆತು’ ಎಂದು ಮಜ್ಜಿಗೆ ತಂದಿಟ್ಟು ಒಳಗೆ ಹೋದರು. ನನಗೆ ಲೋಟ ಮುಟ್ಟಲಾಗಲಿಲ್ಲ. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ವಿಭೂತಿಯ ಆ ಮುಖದೆದುರು ಒಂದೇ ಮಾತಿಗೆ ಇಳಿದವು.

‘ಹೆಡ್ ಬಿಚ್ಚೇ ಇಲ್ಲಂತಲ್ಲ ಮೇಸ್ತ್ರಿ’ ಎಂದೆ.

ಅವರು ಸುಳ್ಳು ಹೇಳಲಿಲ್ಲ. ಅಷ್ಟರ ಮಟ್ಟಿಗೆ ದೊಡ್ಡವರು.

‘ಈ ಶೆಡ್ಡಿನ ಜಾಗ ಆ ಎಸ್ಟೇಟಿನೋರದ್ದು. ರಿಪೇರಿಗೆ ಒಂದು ರೂಪಾಯಿ ಕೊಡಲ್ಲ, ಹೆಂಗಾದ್ರೂ ಮಾರ್ಸಿ ಕೊಡು, ಇಲ್ಲಾಂದ್ರೆ ಜಾಗ ಬಿಡು ಅಂದ್ರು. ಈ ವಯಸ್ನಲ್ಲಿ ನಾನು ಎಲ್ಲಿಗೆ ಹೋಗ್ಲಿ?’

‘ಬೇರೆ ಯಾರಿಗಾದ್ರೂ ಮಾರಬಹುದಿತ್ತಲ್ಲ. ನಾನು ಕರ್ಕಂಡು ಬಂದೋನಿಗೇ ಆಗಬೇಕಿತ್ತಾ?’

‘ಬೇರೆಯೋರು ಮುಚ್ಚಳ ತೆಗ್ದು ನೋಡ್ತಿದ್ರು’ ಎಂದರು ಮೇಸ್ತ್ರಿ.

ಏಳು ವರ್ಷ ನನ್ನನ್ನು ಮಗನ ಹಾಗೆ ಸಾಕಿದ ಮನುಷ್ಯ ನನ್ನ ಮರ್ಯಾದೆಯನ್ನು ಲೆಕ್ಕ ಹಾಕಿ ಬಳಸಿಕೊಂಡಿದ್ದರು. ಸಿಟ್ಟು ಬಂತು. ಅಳುವೂ ಬಂತು, ಮುಚ್ಚಿಡುವುದೇನಿದೆ. ಅಷ್ಟರಲ್ಲಿ ಅವರು ಟೇಬಲ್ಲಿನ ಡ್ರಾಯರ್ ಎಳೆದು, ಒಂದು ಖಾಕಿ ಕವರ್ ತೆಗೆದು ನನ್ನ ಮುಂದೆ ಇಟ್ಟರು.

‘ನಿನ್ನ ಪಾಲು. ಹದಿನೈದು ಸಾವಿರ. ಅವತ್ತಿಂದ ಇಟ್ಕಂಡಿದೀನಿ, ನೀನು ಬರ್ಲೇ ಇಲ್ಲ.’

ಸೀತಾರಾಮ ಕವರನ್ನು ನೋಡಿದ. ಅದರ ಮೇಲೆ ಮೇಸ್ತ್ರಿಯ ಕೈಬರಹದಲ್ಲಿ ನನ್ನ ಹೆಸರಿತ್ತು.

‘ಯಾವ ಪಾಲು? ನಾನು ಯಾವಾಗ ಪಾಲು ಕೇಳಿದ್ದೆ?’ ಎಂದು ಕೂಗಿದೆ. ಕವರನ್ನು ಎತ್ತಿ ಅವರ ಕಡೆ ಎಸೆದೆ. ನಟ್ಟು ಬೋಲ್ಟಿನ ಡಬ್ಬದ ಮೇಲೆ ಬಿತ್ತು.

ಮೇಸ್ತ್ರಿ ಅದನ್ನು ನಿಧಾನವಾಗಿ ಎತ್ತಿ, ಧೂಳು ಕೊಡವಿ, ಮತ್ತೆ ಡ್ರಾಯರಿನಲ್ಲಿ ಇಟ್ಟರು. ‘ಆತು ಬಿಡು. ಒಬ್ನೇ ಬಂದಾಗ ತಗೋ’ ಎಂದರು.

ನನ್ನನ್ನು ಸಿಕ್ಕಿಸಲು ಹಾಗೆ ಹೇಳಿದರೋ, ನಿಜವಾಗಿಯೂ ನನಗೆ ಕೊಡಬೇಕೆಂದು ಇಟ್ಟಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಸೀತಾರಾಮ ಆಗಲೇ ಎದ್ದು ರಸ್ತೆಗೆ ಹೋಗಿದ್ದ.

ಬಸ್ ಸ್ಟ್ಯಾಂಡಿನವರೆಗೂ ಅವನ ಹಿಂದೆ ಮಾತಾಡುತ್ತಲೇ ನಡೆದೆ. ಆಣೆ ಹಾಕಿದೆ. ನನ್ನ ಮಕ್ಕಳ ಮೇಲೆ, ಗ್ಯಾರೇಜಿನ ಮೇಲೆ. ಅವನು ಒಮ್ಮೆ ಮಾತ್ರ ತಿರುಗಿದ.

‘ಕಿಗ್ಗದ ಏರಲ್ಲಿ ಬೆರಳು ಒರೆಸ್ಕಂಡ್ಯಲ್ಲ ಶೇಷಪ್ಪ, ಅವತ್ತೇ ನಿಂಗೆ ಗೊತ್ತಿತ್ತು. ಹದಿನೈದು ದಿನ ಎಂತಕ್ಕೆ ಸುಮ್ನಿದ್ದೆ?’

ಮೇಸ್ತ್ರಿಯ ಮೇಲಿನ ಗೌರವಕ್ಕೆ ಎಂದು ಹೇಳಲು ಬಾಯಿ ತೆರೆದೆ. ಆ ಕವರನ್ನು ನೋಡಿ ಬಂದ ಮೇಲೆ ಅದನ್ನು ನಂಬುವವರು ಯಾರು? ನಾನಾಗಿದ್ದರೂ ನಂಬುತ್ತಿರಲಿಲ್ಲ.

ಕೊಪ್ಪದ ಬಸ್ಸು ಬಂತು. ಅವನು ಕಿಟಕಿಯ ಪಕ್ಕ ಕೂತ, ನಾನು ಪಕ್ಕದಲ್ಲಿ ಕೂತೆ. ಮೊಣಕೈ ತಾಗದ ಹಾಗೆ ಅವನು ಕಿಟಕಿಯ ಕಡೆ ಒತ್ತಿಕೊಂಡ. ಈ ದಾರಿಯ ಕಂಡಕ್ಟರಿಗೆ ನಾವಿಬ್ಬರೂ ಗೊತ್ತು. ಟಿಕೆಟ್ ಕಟ್ಟು ಹಿಡಿದು ನಗುತ್ತಾ ಬಂದ.

‘ಕೊಪ್ಪಕ್ಕೆ ಎರಡಾ?’ ಎಂದ.

ಸೀತಾರಾಮ ಚಿಲ್ಲರೆ ಎಣಿಸಿ ಅವನ ಕೈಗಿಟ್ಟ.

‘ನಂದೊಂದೇ. ಅವ್ರದ್ದು ಬೇರೆ’ ಎಂದ.

ಇಪ್ಪತ್ತೈದು ವರ್ಷದಲ್ಲಿ ಅವನು ನನ್ನನ್ನು ‘ಅವರು’ ಎಂದದ್ದು ಅದೇ ಮೊದಲು. ನಾನು ಜೇಬಿಗೆ ಕೈ ಹಾಕಿ ನನ್ನ ಟಿಕೆಟ್ ತೆಗೆದುಕೊಂಡೆ.