ದೊಡ್ಡ ಮನೆತನದ ಉಪಕಾರ

ಎಪ್ಪತ್ತೆಂಟನೇ ಇಸವಿಯಲ್ಲಿ ನಾನು ಸಿಂದಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಪೂರಾ ಪಗಾರಕ್ಕೆ ಸಹಿ ಮಾಡಿ ಅರ್ಧ ಪಗಾರ ಇಸಿದುಕೊಳ್ಳುವ ಮನುಷ್ಯ ಹುಡುಗರಿಗೆ ಅರ್ಥಶಾಸ್ತ್ರ ಹೇಳುತ್ತಿದ್ದ ಎಂದರೆ ನಿಮಗೆ ನಗು ಬರಬಹುದು. ನಗ್ರಿ. ಆಗ ನನಗೆ ಬಂದಿರಲಿಲ್ಲ. ಉಳಿದ ಅರ್ಧ ಕಟ್ಟಡ ನಿಧಿಗೆ ಎನ್ನುತ್ತಿದ್ದರು. ಕಟ್ಟಡ ಮಾತ್ರ ನಾನು ಸೇರಿದಾಗ ಎಷ್ಟಿತ್ತೋ ಅಷ್ಟೇ ಇತ್ತು.

ನನಗಿದ್ದದ್ದು ಒಂದೇ ಟೆರಿಲಿನ್ ಪ್ಯಾಂಟು. ರವಿವಾರ ಅದನ್ನು ಒಗೆದು ಹಾಕಿ, ಒಣಗುವ ತನಕ ಲುಂಗಿ ಸುತ್ತಿಕೊಂಡು ಬಾಗಿಲು ಮುಚ್ಚಿ ಕೂಡುತ್ತಿದ್ದೆ. ಪ್ರೊಫೆಸರು ಲುಂಗಿಯಲ್ಲಿ ಕಂಡರೆ ಓಣಿಯಲ್ಲಿ ಕಿಮ್ಮತ್ತು ಹೋಗುತ್ತದೆಂದು ನನ್ನ ಹೆದರಿಕೆ. ನನಗೊಂದು ಕಿಮ್ಮತ್ತಿದೆ ಎಂಬುದು ಓಣಿಗೆ ಗೊತ್ತೇ ಇರಲಿಲ್ಲ.

ಆ ವರ್ಷ ವಿದ್ಯಾಪೀಠದಿಂದ ಒಂದು ಸುತ್ತೋಲೆ ಬಂತು. ಸಣ್ಣ ಊರುಗಳ ಅಧ್ಯಾಪಕರು ಸಂಶೋಧನೆ ಮಾಡಲೆಂದು ಸಣ್ಣ ಅನುದಾನ ಕೊಡುತ್ತಾರಂತೆ. ಅನುದಾನ ಸಿಕ್ಕವರನ್ನು ಕೆಲಸದಲ್ಲಿ ಕಾಯಂ ಮಾಡುತ್ತಾರೆ ಎಂದು ಯಾರೋ ಹೇಳಿದರು. ನಾನು ಕೂಡಲೇ ಅರ್ಜಿ ಬರೆದೆ. ವಿಷಯ: ‘ಹೊರ್ತಿ ಸುತ್ತಿನ ಹೊಲದಾಳುಗಳ ಕೂಲಿ’. ಹೊರ್ತಿ ನನ್ನೂರು. ನಮ್ಮವ್ವ ಶೆಟ್ಟೆವ್ವ ಅಲ್ಲಿ ಬಸಂತರಾಯಗೌಡರ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ಆ ಗೌಡರೇ ನಮ್ಮ ಕಾಲೇಜಿನ ಚೇರ್ಮನ್ನರು. ಇಷ್ಟು ಗೊತ್ತಿದ್ದೂ ಅದೇ ವಿಷಯ ಆರಿಸಿದ ನನ್ನ ಜಾಣತನಕ್ಕೆ ಬೇರೆಯೇ ಅನುದಾನ ಕೊಡಬೇಕಿತ್ತು.

ಪ್ರಿನ್ಸಿಪಾಲ ಶಂಕರೆಪ್ಪನವರು ಅರ್ಜಿ ಓದಿ ಕನ್ನಡಕ ತೆಗೆದರು.

“ಕೂಲಿ ಅಂದ್ರ ಜಗಳದ ಮಾತು ಮಾನಪ್ಪ. ಜೀವನ ಅಂತ ಹಾಕ್ರಿ. ಜೀವನಕ್ಕ ಯಾರ ತಕರಾರೂ ಇರೂದಿಲ್ಲ.”

ಹಾಕಿದೆ. ಚೇರ್ಮನ್ನರ ಸಹಿಗೆ ಗೌಡರ ವಾಡೆಗೆ ಹೋದೆ. ಪಡಸಾಲೆಯ ಕೆಳಗೆ ನಿಂತೆ. ಕೂಡ್ರು ಎಂದು ಅವರು ಅನ್ನಲಿಲ್ಲ, ಕೂಡಬೇಕೆಂದು ನನಗೂ ಹೊಳೆಯಲಿಲ್ಲ. ನಮ್ಮ ಕೇರಿಯವರ ಕಾಲಿಗೆ ಅಲ್ಲಿ ನಿಲ್ಲುವುದು ರೂಢಿ. ಎಂ.ಎ. ಮಾಡಿದ್ದು ಕಾಲಿಗೆ ತಿಳಿಯುವುದಿಲ್ಲ.

“ಹೊರ್ತಿ ಯಾಕ ಬೇಕು? ನಮ್ಮ ಹೊಲಾ ಅಷ್ಟ ಕಾಣ್ತಾವೇನು ನಿನಗ?” ಎಂದರು ಗೌಡರು.

ಹೊರ್ತಿ ಹೊಡೆದು ಹಾಕಿದೆ.

“ಆಳು ಅನ್ನೂದೂ ಛಲೋ ಕಾಣೂದಿಲ್ಲ.”

ಆಳುಗಳೂ ಹೋದರು.

“ಈಗ ಏನ ಉಳೀತು?”

“ಜೀವನ ಒಂದು ಉಳದೈತ್ರಿ.”

“ಅದೊಂದ ಇಟಗೊಂಡು ಏನ ಮಾಡ್ತಿ? ಬರಿ. ಗ್ರಾಮೀಣ ಜೀವನಕ್ಕ ದೊಡ್ಡ ಮನೆತನಗಳ ಉಪಕಾರ.”

ಬರೆದೆ. ದುಂಡಗೆ ಬರೆದೆ.

ಅನುದಾನ ಮಂಜೂರಾಯಿತು, ಶಂಕರೆಪ್ಪನವರ ಹೆಸರಿಗೆ. ಹಿರಿಯರ ಹೆಸರಿದ್ದರೆ ಲಗೂನೆ ಸಿಗುತ್ತದೆಂದು ಅವರೇ ತಿದ್ದಿ ಕಳಿಸಿದ್ದರು. ನಾನು ಸಹಾಯಕ. ಆ ರೊಕ್ಕದಲ್ಲಿ ಅವರ ಕೋಣೆಗೆ ಫ್ಯಾನು ಬಂತು, ಗಾಜಿನ ಬೀರು ಬಂತು. ಸಂಶೋಧನೆ ಅಂದರೆ ತಲೆ ತಂಪಿರಬೇಕು ಎಂದರು. ನನಗೆ ಒಂದು ದಸ್ತು ಕಾಗದ ಮತ್ತು ಬಸ್ ಚಾರ್ಜು ಕೊಟ್ಟರು. ಕಾಯಂ ಆದರೆ ಸಾಕೆಂದು ನಾನು ಕೈ ಮುಗಿದೆ.

ದೀಪಾವಳಿ ಮುಗಿದ ಮೇಲೆ ಇಂಡಿಯಲ್ಲಿ ಬಸ್ಸು ಬದಲಿಸಿ ಹೊರ್ತಿಗೆ ಹೋದೆ. ಗೌಡರ ಜೋಳದ ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಂಗಸರು ಬದುವಿನ ಮೇಲೆ ರೊಟ್ಟಿ ಬಿಚ್ಚಿದ್ದರು. ಅವ್ವನೂ ಇದ್ದಳು. ಗೌಡರ ಲೆಕ್ಕ ಬರೆಯುವ ಕಾರಕೂನ ಗುರಪ್ಪ ಅಲ್ಲೇ ಕೊಡೆ ಬಿಚ್ಚಿಕೊಂಡು ಕೂತಿದ್ದ. ನನಗೆ ಸಹಾಯ ಮಾಡು ಎಂದು ಗೌಡರೇ ಅವನಿಗೆ ಹೇಳಿ ಕಳಿಸಿದ್ದರು.

“ಗೌಡರ ಮನೆತನದಿಂದ ನಿಮಗ ಆದ ಉಪಕಾರ ಏನ್ರಿ?” ಎಂದು ಲಕ್ಕವ್ವನನ್ನು ಕೇಳಿದೆ. ಹುಟ್ಟಿದಾಗಿನಿಂದ ಚಿಗವ್ವ ಎಂದು ಕರೆದವಳಿಗೆ ‘ರಿ’ ಹಚ್ಚಿದೆ. ಸಂಶೋಧನೆ ಎಂದರೆ ಹಾಗೆ ಅಂದುಕೊಂಡಿದ್ದೆ.

ಲಕ್ಕವ್ವ ಬಾಯಲ್ಲಿದ್ದ ತುತ್ತು ನುಂಗಿದಳು.

“ಬರ್ಕೊ ತಮ್ಮಾ. ಈ ಹೊಲದ ಬಾವಿ ಮುಟ್ಟಾಕ ನಮ್ಮನ್ನ ಬಿಡೂದಿಲ್ಲ. ದನಕ್ಕ ನೀರ ಹಾಕೂ ಕಲ್ಲಿನ ದ್ವಾಣ್ಯಾಗ ಎತ್ತು ಕುಡದು ಉಳದ ನೀರು ನಮಗ ಬಿಡ್ತಾರ. ಎತ್ತು ಪೂರಾ ಕುಡ್ಯೂದಿಲ್ಲ ನೋಡು, ಆ ಎತ್ತಿನ ಉಪಕಾರನೂ ಬರ್ಕೊ.”

“ಏ ಲಕ್ಕವ್ವಾ, ನಾಲಿಗಿ ಬಿಗಿ ಹಿಡಿ,” ಎಂದ ಗುರಪ್ಪ.

“ಗೌಡ್ರು ಕೇಳಂತ ಕಳಿಸ್ಯಾರ, ಅವ ಕೇಳಾಕತ್ತಾನ, ನಾ ಹೇಳಾಕತ್ತೇನಿ. ನಿಂದೇನು ನಡಬರಕ?”

ಪಕ್ಕದಲ್ಲಿ ಕೂತಿದ್ದ ಗೌಸಬಿ ಸೆರಗಿನಿಂದ ಕೈ ಒರೆಸಿಕೊಂಡಳು. “ನನ್ನ ಗಂಡನ ಕೈ ಗೌಡ್ರ ಕಬ್ಬಿನ ಗಾಣದಾಗ ಹ್ವಾತು. ಗೌಡ್ರು ತಾವಽ ನಡಕೋತ ಬಂದ್ರು. ಬಂದು, ಗಾಣಕ್ಕ ಏನರೆ ಆಗೈತೇನು ಅಂತ ಕೇಳಿದ್ರು.”

ಯಾರೂ ನಗಲಿಲ್ಲ. ನಾನು ಬರೆಯುತ್ತಿದ್ದೆ. ಅವ್ವ ರೊಟ್ಟಿ ಬದಿಗಿಟ್ಟು ನನ್ನ ಕಡೆ ತಿರುಗಿದಳು.

“ನಂದೂ ಬರ್ಕೊ. ಗೌಡ್ರು ನನ್ನ ಮಗಗ ನೌಕರಿ ಕೊಟ್ಟಾರ. ಪೂರಾ ಪಗಾರಕ್ಕ ಸಹಿ ಮಾಡಸ್ತಾರ, ಅರ್ಧಾ ಕೊಡ್ತಾರ.”

“ಅವ್ವಾ, ಅದು ಈ ವಿಷಯದಾಗ ಬರೂದಿಲ್ಲ.”

“ಯಾಕ? ನೀ ಏನು ಕೂಲ್ಯಾಂವ ಅಲ್ಲೇನು?”

ಕೂಲಿಯವರ ಮೇಲೆ ಸಂಶೋಧನೆ ಮಾಡಲು ಬಂದ ಪಂಡಿತನಿಗೆ ತಾನೂ ಕೂಲಿ ಎಂಬುದು ಅವ್ವ ಹೇಳುವ ತನಕ ಗೊತ್ತಿರಲಿಲ್ಲ. ಅದನ್ನೂ ಬರೆದುಕೊಂಡೆ.

ಸಿಂದಗಿಗೆ ಬಂದು ಅವರು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಟೈಪು ಮಾಡಿಸಿದೆ. ಧೈರ್ಯದಿಂದ ಎಂದು ತಿಳಿಯಬೇಡಿ. ಬೇರೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಶಂಕರೆಪ್ಪನವರು ಮೊದಲ ಪುಟದಲ್ಲಿ ತಮ್ಮ ಹೆಸರು ಸರಿಯಾಗಿದೆಯೇ ಎಂದು ನೋಡಿ, ಸಹಿ ಮಾಡಿ, ಬೀರುವಿನಲ್ಲಿಟ್ಟರು.

ಸಂಕ್ರಾಂತಿಯಾದ ಮೇಲೆ ಅದನ್ನು ಓದಿಸಿ ಕೇಳಲು ವಿದ್ಯಾಪೀಠದಿಂದ ಇಬ್ಬರು ಹಿರಿಯರು ಬಂದರು. ಕಾಲೇಜಿನ ಹಾಲ್ ತುಂಬಿತ್ತು. ಗೌಡರು ತಲೆಗೆ ಹೊಸ ರುಮಾಲು ಸುತ್ತಿಕೊಂಡು ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ಶಂಕರೆಪ್ಪನವರು ವಿಷಯದ ಹೆಸರು ಓದಿದರು. ಚಪ್ಪಾಳೆ ಬಿತ್ತು. ಆಮೇಲೆ ತಾವು ಮಾಡಿದ ಸಂಶೋಧನೆಯನ್ನು ಮೊದಲ ಸಲ ಓದತೊಡಗಿದರು.

ಎತ್ತು ಕುಡಿದು ಉಳಿದ ನೀರಿಗೆ ಬಂದಾಗ ಅವರ ದನಿ ಸಣ್ಣದಾಯಿತು. ಹಿಂದೆ ಕೂತ ಹುಡುಗರು ನಕ್ಕರು. ಶಂಕರೆಪ್ಪನವರು ಹಾಳೆ ಮಗುಚಹೋದರು.

“ನಿಲ್ಲಿಸಬ್ಯಾಡ್ರಿ, ಓದ್ರಿ,” ಎಂದರು ಬಂದ ಹಿರಿಯರಲ್ಲೊಬ್ಬರು.

ಗಾಣದ ಮಾತು ಬಂದಾಗ ಹುಡುಗರ ನಗು ನಿಂತಿತು. ಅರ್ಧ ಪಗಾರದ ಮಾತು ಬಂದಾಗ ನಮ್ಮ ಅಧ್ಯಾಪಕರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡುತ್ತ ಕೂತರು. ಅವರ ನಡುವೆ ನಾನೂ ನನ್ನ ಚಪ್ಪಲಿ ನೋಡುತ್ತಿದ್ದೆ. ಗೌಡರು ಎದ್ದು ಹೋದರು. ಹಿರಿಯರು ಚಹಾ ಕುಡಿದು, ವರದಿ ಬಹಳ ಜೀವಂತವಾಗಿದೆ ಎಂದು ಶಂಕರೆಪ್ಪನವರ ಕೈ ಕುಲುಕಿ, ಬಸ್ಸು ಹತ್ತಿದರು.

ನನ್ನನ್ನು ಮರುದಿನವೇ ಕಾಯಂ ಆಗಿ ಮನೆಗೆ ಕಳಿಸಿದರು.

ಹೊರ್ತಿಯಲ್ಲಿ ಆಗ ಜೋಳ ಕೀಳುವ ಸುಗ್ಗಿ. ಆಳು ಸಾಲದ್ದಕ್ಕೆ ಗುರಪ್ಪ ನನ್ನನ್ನೂ ಬೇಡ ಅನ್ನಲಿಲ್ಲ. ಅವ್ವನ ಜೊತೆ ಹೊಲಕ್ಕೆ ಹೋದೆ. ಮೊದಲ ದಿನವೇ ಅಂಗೈ ತುಂಬ ಬೊಬ್ಬೆ ಎದ್ದವು. ಮುದುಕಿಯರೆಲ್ಲ ನನ್ನನ್ನು ಹಿಂದೆ ಹಾಕಿ ಮುಂದೆ ಹೋದರು. ಎರಡನೆಯ ದಿನ ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಯಾರೂ ಬದು ಬಿಟ್ಟು ಏಳಲಿಲ್ಲ.

“ಬಾವಿ ನೀರ ಕುಡ್ಯೂ ತನಕಾ ಜ್ವಾಳಕ್ಕ ಕೈ ಹಚ್ಚೂದಿಲ್ಲ,” ಎಂದಳು ಲಕ್ಕವ್ವ.

ಗುರಪ್ಪ ನೇರ ನನ್ನ ಕಡೆ ಬಂದ. “ಏನೋ ಮಾಸ್ತರ, ನೀನಽ ಕಲಿಸಿದ್ದೇನು ಇದನ್ನ?”

ಸುಳ್ಳು ಯಾಕೆ, ನನಗೆ ಒಳಗೊಳಗೇ ಹೆಮ್ಮೆಯಾಯಿತು. ಹೌದು ಅನ್ನಲು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅವ್ವ ನಡುವೆ ಬಂದಳು.

“ಅವ ಏನ ಕಲಸ್ತಾನ್ರಿ? ಅವಗ ಜ್ವಾಳಾ ಕೀಳಾಕ ಬರೂದಿಲ್ಲ. ನಾವು ಹೇಳಿದ ಮಾತು ಸಿಂದಗ್ಯಾಗ ನಾಕು ಮಂದಿ ಮುಂದ ಓದ್ಯಾರಂತ. ಅಷ್ಟು ಮಂದಿ ಕೇಳಿದ ಮ್ಯಾಲ ಮತ್ತ ದ್ವಾಣಿ ನೀರು ಹ್ಯಾಂಗ ಕುಡ್ಯೂದ್ರಿ?”

ಗುರಪ್ಪ ಏನೋ ಅನ್ನುವಷ್ಟರಲ್ಲಿ ಲಕ್ಕವ್ವ ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದಿದ್ದಳು. ಗೌಸಬಿ ಹಗ್ಗ ಹಿಡಿದಿದ್ದಳು. ಹಿಂದೆ ಉಳಿದವರೆಲ್ಲ ಎದ್ದರು. ಗುರಪ್ಪ ಗೌಡರ ವಾಡೆಯ ದಾರಿ ಹಿಡಿದು ಓಡಿದ.

ಲಕ್ಕವ್ವ ಬಾವಿಯ ಕಟ್ಟೆ ಹತ್ತಿ ನನ್ನ ಕಡೆ ತಿರುಗಿದಳು.

“ನಿಂತು ನೋಡ್ತೀ ಏನು, ಬಾ. ಹಗ್ಗ ಜಗ್ಗಾಕರೆ ಬರ್ತೈತಿಲ್ಲೋ?”

ಹೋಗಿ ಹಗ್ಗ ಹಿಡಿದೆ. ಬೊಬ್ಬೆಗಳು ಒಡೆದವು. ಕೊಡ ತುಂಬಿಕೊಂಡು ಮೇಲೆ ಬಂತು.