ಲೋಕಲ್ ಅಡುಗೆಯವ

“ಲೇ ಅಡುಗೆಯವ್ನೇ, ಕಿವಿ ಬೆಂದು ಹೋಗಿದ್ಯಾ? ಲೋಕಲ್‌ಗಳೆಲ್ಲ ಹೊರಗೆ ಹೋಗಿ ಅಂದೆ.”

ರಾಜಧಾನಿಯಿಂದ ಬಂದಿದ್ದ ಲೆಕ್ಕದ ಸಾಹೇಬರು ಇದನ್ನು ಮೈಕಿನಲ್ಲೇ ಹೇಳಿದರು. ರಾಯಭಾರ ಕಚೇರಿಯ ಸಭಾಂಗಣದಲ್ಲಿ ಅಧಿಕಾರಿಗಳು, ಗುಮಾಸ್ತರು, ಅವರ ಹೆಂಡತಿಯರು ಎಲ್ಲ ಕೂತಿದ್ದರು. ಪರದೇಶದಲ್ಲಿ ದುಡಿಯುವ ಸರ್ಕಾರಿ ನೌಕರರ ಸಂಬಳ, ಭತ್ಯೆ, ಪೆನ್ಷನ್ನಿಗೆ ಹೊಸ ನಿಯಮ ಬಂದಿತ್ತು. ಅದನ್ನು ತಿಳಿಸಲು ಸಭೆ. ಡ್ರೈವರು, ತೋಟದವನು ಈ ದೇಶದವರೇ. ಲೋಕಲ್ ಅಂದ ಕೂಡಲೇ ಎದ್ದು ಹೋದರು. ಕಸ ಗುಡಿಸುವ ನಾನೂ ಎದ್ದು ಬಾಗಿಲ ಹತ್ತಿರ ನಿಂತೆ. ನನ್ನ ಸೋದರಮಾವ ಮಾತ್ರ ಕೊನೆಯ ಸಾಲಿನಲ್ಲಿ ಕೂತೇ ಇದ್ದ. ಲೋಕಲ್‌ಗಳು ಆಚೆ ಹೋಗಲಿ ಪಾಪ ಎಂದು ಕಾಲು ಬೇರೆ ಮಡಚಿಕೊಂಡು ದಾರಿ ಬಿಟ್ಟಿದ್ದ.

“ನನಗಾ ಸಾರ್?” ಎಂದ.

“ಮತ್ತೆ ನಿಮ್ಮಪ್ಪನಿಗಾ?”

“ನಾನು ಲೋಕಲ್ ಅಲ್ಲ ಸಾರ್. ಊರಿಂದ ಬಂದೋನು. ನಿಮ್ಮ ಹಾಗೇನೇ, ವಿಮಾನದಲ್ಲೇ.”

“ಸೂಟ್‌ಕೇಸೂ ವಿಮಾನದಲ್ಲೇ ಬರುತ್ತಯ್ಯಾ. ಅದಕ್ಕೂ ಪೆನ್ಷನ್ ಕೊಡೋಣ್ವಾ?”

ಸಭೆಗೆ ಸಭೆಯೇ ನಕ್ಕಿತು. ಮಾವನೂ ನಕ್ಕ. ಸಾಹೇಬರು ಜೋಕು ಹೇಳಿದರೆ ನಗುವುದೂ ಅವನ ಕೆಲಸದಲ್ಲಿ ಸೇರಿತ್ತು. ಆಮೇಲೆ ಎದ್ದು, ಕುರ್ಚಿ ನೆಟ್ಟಗೆ ಮಾಡಿ, ಹೊರಗೆ ಬಂದ.

ಈ ಕಟ್ಟಡದಲ್ಲಿ ಇರುವುದು ಎರಡೇ ಜಾತಿ. ಊರಿನಲ್ಲಿ ಆರ್ಡರ್ ಕೈಗೆ ತೆಗೆದುಕೊಂಡು ಬಂದವರು ಮೇಲಿನವರು. ಅವರಿಗೆ ಸಂಬಳದ ಮೇಲೆ ಪರದೇಶದ ಭತ್ಯೆ, ಮನೆ, ಮಕ್ಕಳ ಶಾಲೆ, ನೌಕರಿ ಮುಗಿದ ಮೇಲೆ ಸಾಯುವ ತನಕ ಪೆನ್ಷನ್, ಸತ್ತ ಮೇಲೆ ಹೆಂಡತಿಗೆ. ಇಲ್ಲಿ ಸೇರಿಕೊಂಡವರು ಲೋಕಲ್. ಮಾವನನ್ನು ಹಿಂದಿನ ರಾಯಭಾರಿಯೊಬ್ಬರು ತಮ್ಮ ಮನೆ ಅಡುಗೆಗೆಂದು ಊರಿಂದ ಕರೆತಂದಿದ್ದರು. ವರ್ಗವಾಗಿ ಹೋಗುವಾಗ ಫ್ರಿಜ್ಜು, ಮಂಚ, ಮಾವ, ಈ ಮೂರನ್ನೂ ಬಿಟ್ಟು ಹೋದರು. ಮುಂದೆ ಬಂದವರು ಕಚೇರಿಯ ಅಡುಗೆಯವ ಎಂದು ಸಹಿ ಹಾಕಿಸಿಕೊಂಡರು. ಸಹಿ ಬಿದ್ದದ್ದು ಈ ಕಟ್ಟಡದ ಮೇಜಿನ ಮೇಲೆ. ಹಾಗಾಗಿ ಲೋಕಲ್.

ಡ್ರೈವರಿಗೆ ವಯಸ್ಸಾದರೆ ಈ ದೇಶದ ಪ್ರಜೆ ಎಂದು ಅವನ ಸರ್ಕಾರ ಏನೋ ಒಂದಿಷ್ಟು ಕೊಡುತ್ತದೆ. ಮಾವನಿಗೂ ಸಿಕ್ಕೀತೇನೋ ಎಂದು ಹೋದ ತಿಂಗಳು ಇಲ್ಲಿನ ಕಾರ್ಮಿಕ ಕಚೇರಿಗೆ ಹೋಗಿದ್ದೆವು. ನಮ್ಮ ಜೊತೆ ಇದ್ದೂ ಇದ್ದೂ ನಮ್ಮ ಮಾತು ಕಲಿತಿದ್ದ ಡ್ರೈವರೇ ಬಂದು ಎರಡೂ ಕಡೆಯ ಮಾತು ತಿಳಿಸಿ ಹೇಳಿದ. ಕೌಂಟರಿನ ಹೆಂಗಸು ಒಳ್ಳೆಯವಳು, ಕುಡಿಯಲು ನೀರು ಕೊಟ್ಟಳು. ನಮ್ಮ ಕಾನೂನು ನಿಮ್ಮ ಕಚೇರಿಯ ಗೇಟಿನ ತನಕ, ಒಳಗಿರುವುದು ನಿಮ್ಮ ದೇಶ, ಅವರನ್ನೇ ಕೇಳಿ ಎಂದಳು. ಅಂದರೆ ಗೇಟಿನ ಹೊರಗೆ ಮಾವ ಪರದೇಶದವನು. ಗೇಟಿನ ಒಳಗೆ ಲೋಕಲ್.

ಬರುವ ತಿಂಗಳು ಅವನ ಕೆಲಸ ಮುಗಿಯುತ್ತದೆ. ಗ್ಯಾರೇಜಿನ ಹಿಂದಿನ ಕೋಣೆ ಬಿಡಬೇಕು. ವೀಸಾವೂ ಕೆಲಸದ ಜೊತೆಗೇ ಸಾಯುತ್ತದೆ. ಆಮೇಲೆ ತಾನೂ ಹೆಂಡತಿಯೂ ಏನು ತಿನ್ನಬೇಕು ಎಂಬುದು ಈ ಸಭೆಯಲ್ಲಿ ಗೊತ್ತಾಗುತ್ತದೆಂದು ಮಾವ ಗಡ್ಡ ಬೋಳಿಸಿ, ಇಸ್ತ್ರಿ ಷರ್ಟು ಹಾಕಿಕೊಂಡು ಹೋಗಿದ್ದ.

ಅಡುಗೆಮನೆಯಲ್ಲಿ ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಳು. ಅವಳಿಗೆ ಸಂಬಳವಿಲ್ಲ. ಗಂಡನಿಗೆ ಸಹಾಯ ಮಾಡುತ್ತಾಳೆ, ಅಷ್ಟೇ.

“ಏನಂದ್ರು?”

“ನಾನು ಲೋಕಲ್ ಅಂತೆ ಕಣೇ. ನೀನೂ ಅಷ್ಟೇ.”

“ಥೂ! ನಂಗಿಲ್ಲಿ ಬಸ್ಸಿನವನ ಹತ್ರ ಟಿಕೆಟ್ ಕೇಳೋಕೂ ಬರಲ್ಲ. ನಾನ್ಯಾವ ಸೀಮೆ ಲೋಕಲ್ಲು?”

“ಆ ಬೋಳಿಮಗನ ಊಟಕ್ಕೆ ಉಗಿದು ಕಳಿಸ್ತೀನಿ ನೋಡು ಮಾವ,” ಎಂದೆ.

“ಮುಚ್ಚೋ ಬಾಯಿ. ಅಡುಗೆ ನಂದು ಕಣೋ, ಅವನದಲ್ಲ.” ಸಾರಿಗೆ ಉಪ್ಪು ಹಾಕಿ ರುಚಿ ನೋಡಿದ. “ಉಣ್ಣೋಕೆ ಹಾಕಿ ಆಮೇಲೆ ಕೇಳ್ತೀನಿ. ಹೊಟ್ಟೆ ತುಂಬಿದ್ರೆ ಎಂಥೋರೂ ಒಂಚೂರು ಮೆತ್ತಗಾಗ್ತಾರೆ.”

ಮಧ್ಯಾಹ್ನ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂತರು. ನಾನು ನೀರಿನ ಜಗ್ಗು ಹಿಡಿದಿದ್ದೆ, ಮಾವ ಸಾರಿನ ಪಾತ್ರೆ. ಲೆಕ್ಕದ ಸಾಹೇಬರು ಮೂರನೆಯ ಸಲ ಹಾಕಿಸಿಕೊಂಡರು. ಈಗಿನ ರಾಯಭಾರಿಗಳಿಗೆ, ನಮ್ಮ ದೊಡ್ಡ ಸಾಹೇಬರಿಗೆ, ಹೆಮ್ಮೆಯಾಯಿತು.

“ಇವನನ್ನ ನಾನು ನೌಕರ ಅಂತ ಯಾವತ್ತೂ ನೋಡಿಲ್ಲ. ನಮ್ಮ ಮನೆಯವನೇ.”

“ಹಂಗಾದ್ರೆ ಸಾರ್,” ಎಂದ ಮಾವ, “ಪೆನ್ಷನ್ ವಿಷಯ ನಿಮ್ಮ ಕೈಯಿಂದ ಒಂದು ಮಾತು ಬರೆದು ಹಾಕಿ ಸಾರ್. ನಮ್ಮಿಬ್ಬರ ಗಂಜಿಗಾದ್ರೆ ಸಾಕು.”

ಲೆಕ್ಕದ ಸಾಹೇಬರು ಬಾಯಲ್ಲಿದ್ದುದನ್ನು ನುಂಗಿದರು. “ಮನೆಯವರಿಗೆ ಯಾರಯ್ಯಾ ಪೆನ್ಷನ್ ಕೊಡ್ತಾರೆ? ನಮ್ಮಮ್ಮನೂ ಜೀವ ಇರೋ ತನಕ ಅಡುಗೆ ಮಾಡಿದ್ಲು. ಕೊಟ್ವಾ?”

ಮೇಜು ನಡುಗುವ ಹಾಗೆ ನಕ್ಕರು.

“ಪಾಪ, ಅವನನ್ನ ಗೋಳು ಹೊಯ್ಕೋಬೇಡಿ,” ಎಂದರು ದೊಡ್ಡ ಸಾಹೇಬರು. “ನೀನು ಹೋಗೋ ದಿನ ಎಲ್ಲರೂ ಸೇರಿ ಒಂದು ಫೋಟೋ ತೆಗೆಸಿಕೊಳ್ಳೋಣ. ನಡುವೆ ನಿನ್ನನ್ನೇ ಕೂರಿಸ್ತೀವಿ. ಸಾಕಾ? ಈಗ ಇವರಿಗೆ ಇನ್ನೊಂದು ಸೌಟು ಹಾಕು.”

ಮಾವ ಪಾತ್ರೆಯನ್ನು ತಂದು ದೊಡ್ಡ ಸಾಹೇಬರ ತಟ್ಟೆಯ ಮೇಲೇ ಕೂರಿಸಿದ. ಅವರ ಬಲಗೈ ಹಿಡಿದು, ಬೆರಳು ಬಿಡಿಸಿ, ಸೌಟು ಇಟ್ಟು, ಒಂದೊಂದೇ ಬೆರಳು ಮಡಚಿದ, ಮಗುವಿಗೆ ಬಳಪ ಹಿಡಿಸುವ ಹಾಗೆ. ಸಾರು ಸೌಟಿನ ಹಿಡಿಯಿಂದ ಇಳಿದು ಅವರ ಬಿಳಿ ಷರ್ಟಿನ ತೋಳಿನೊಳಕ್ಕೆ ಹೋಯಿತು. ಅವರಿಗೆ ಸೌಟು ಕೆಳಗಿಡಬೇಕೆಂದು ಹೊಳೆಯಲೇ ಇಲ್ಲ.

ಮಾವ ಒಳಗೆ ಹೋಗಿ ಒಲೆಗಳನ್ನೆಲ್ಲ ಆರಿಸಿದ. ಅತ್ತೆ ಕೈ ತೊಳೆದು ಚಪ್ಪಲಿ ಮೆಟ್ಟಿದಳು. ಇಬ್ಬರೂ ಊಟದ ಕೋಣೆಯ ನಡುವೆಯೇ ಹಾದು ಬಂದರು.

“ಈಗ ಹೋದ್ರೆ ಈ ತಿಂಗಳ ಸಂಬಳಾನೂ ಇಲ್ಲ, ತಿಳ್ಕೋ!” ಲೆಕ್ಕದ ಸಾಹೇಬರು ಕೂಗಿದರು. “ಲೇ! ಎಲ್ಲಿಗೆ ಹೋಗ್ತೀಯೋ? ಎಲ್ಲಿದೆಯೋ ನಿಂಗೆ ಜಾಗ?”

ನನಗೂ ಗೊತ್ತಿರಲಿಲ್ಲ. ಜಗ್ಗನ್ನು ನೆಲಕ್ಕಿಟ್ಟು ಕಿಟಕಿಗೆ ಹೋದೆ. ಹೊರಗೆ ಮಾವ ಅತ್ತೆಯ ಹೆಜ್ಜೆಗೆ ತಕ್ಕಂತೆ, ನಿಧಾನವಾಗಿ, ಜಲ್ಲಿಕಲ್ಲು ತುಳಿಯುತ್ತ ನಡೆದಿದ್ದ. ಸಾಹೇಬರು ಇನ್ನೂ ಕೂಗುತ್ತಿದ್ದರು. ಅವನು ತಿರುಗಲಿಲ್ಲ.