ಅವ್ವನ ಹಣೆಯ ರೂಪಾಯಿ

ಜಗನ್ ಟವೆಲನ್ನು ನಾಲ್ಕು ಮಡಿಕೆ ಮಾಡಿ ಊಟದ ಮೇಜಿನ ಮೇಲೆ ಹಾಸಿದ. ಅದರ ಮೇಲೊಂದು ತೆರೆಯಲಾಗದಂತೆ ಬೆಸೆದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಅವ್ವನ ರಾಣಿ ಛಾಪಿನ ಬೆಳ್ಳಿ ರೂಪಾಯಿ. ಅವ್ವ ದೊಡ್ಡತಾಯಮ್ಮ ನಿನ್ನೆ ರೆಡ್‌ವುಡ್ ಸಿಟಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಹೋಗುವ ಮುಂಚೆ ಕೇಳಿದ್ದು ಒಂದೇ. ಅವರ ಮಂಡ್ಯದ ಮನೆಯಲ್ಲಿ ಸತ್ತವರ ಹಣೆಗೆ ಕಾಸು ಅಂಟಿಸುವ ಪದ್ಧತಿ. ಆ ಕಾಸು, ಧಾರೆಯ ದಿನ ಗಂಡ ತನ್ನ ಅಂಗೈಗಿಟ್ಟ ಈ ರೂಪಾಯಿಯೇ ಆಗಬೇಕು.

"ರೀ, ಹನ್ನೊಂದಕ್ಕೆ ಫ್ಯೂನರಲ್ ಹೋಮಲ್ಲಿರಬೇಕು," ಎಂದಳು ಹೆಂಡತಿ ಕಾವ್ಯಾ. "ಪರ್ಸಲ್ಲಿ ಕ್ವಾರ್ಟರ್ ಡಾಲರ್ ನಾಣ್ಯ ಇದೆ. ಅದು ಆಗಲ್ವಾ?"

"ಅವ್ವ ಕೇಳಿದ್ದು ಇದನ್ನ."

"ಹಾಗಾದ್ರೆ ಸುತ್ತಿಗೇಲಿ ಒಂದು ಏಟು ಕೊಡಿ."

"ಚೂರು ಒಳಗೆ ನುಗ್ಗಿದ್ರೆ ಗೀರು ಬೀಳುತ್ತೆ ಕಾವ್ಯಾ."

ಎರಡು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಆಫೀಸಿನವರಿಗೆಲ್ಲ ಷೇರಿನ ಹುಚ್ಚು ಹಿಡಿದಾಗ ಇವನಿಗೆ ಹಿಡಿದದ್ದು ನಾಣ್ಯದ ಹುಚ್ಚು. ಅವ್ವನಿಗೆ ಖುಷಿಯಾಗಲೆಂದು ರೂಪಾಯಿಯನ್ನು ನಾಣ್ಯ ಪರೀಕ್ಷಿಸುವ ಕಂಪನಿಗೆ ಕಳಿಸಿ, ಪೆಟ್ಟಿಗೆಯೊಳಗೆ ಭದ್ರಮಾಡಿಸಿ ತರಿಸಿದ್ದ. ಖುಷಿ ಯಾರಿಗಾಯಿತೋ ದೇವರೇ ಬಲ್ಲ.

"ಒಂದ್ಕಿತ ಕೈಗ್ ಕೊಡ್ಲಾ ಮಗ, ಮುಟ್ ನೋಡ್ತೀನಿ," ಎಂದಿದ್ದಳು ಅವ್ವ.

"ಬೆವರು ತಾಗಿದ್ರೆ ಕಲೆ ಆಗುತ್ತವ್ವ. ನೋಡಿದ್ರೆ ಸಾಕಲ್ವಾ?"

ಅವಳು ಪ್ಲಾಸ್ಟಿಕ್ಕಿನ ಮೇಲೆಯೇ ಬೆರಳಾಡಿಸಿ ವಾಪಸು ಕೊಟ್ಟಿದ್ದಳು. ಮತ್ತೆ ಕೇಳಲಿಲ್ಲ.

ಕಣ್ಣಿಗೆ ಚೂರು ಹಾರದಂತೆ ಕನ್ನಡಕ, ಕೈಗೆ ಹತ್ತಿಯ ಗ್ಲೌಸು ಹಾಕಿಕೊಂಡು, ಜಗನ್ ಕಟಿಂಗ್ ಪ್ಲೇಯರಿನಿಂದ ನಾಣ್ಯಕ್ಕೆ ದೂರವಿದ್ದ ಮೂಲೆಯೊಂದನ್ನು ಅದುಮಿದ. ಪಟ್ಟೆಂದು ಮುರಿಯಿತು. ಎರಡನೆಯ ಮೂಲೆ, ಮೂರನೆಯದು. ಆಮೇಲೆ ಬಿರುಕಿಗೆ ಸ್ಕ್ರೂಡ್ರೈವರು ತೂರಿಸಿ ಮೆಲ್ಲಗೆ ತಿರುವಿದ. ಪೆಟ್ಟಿಗೆ ಎರಡು ಹೋಳಾಯಿತು. ರೂಪಾಯಿಯನ್ನು ಅಂಚು ಹಿಡಿದು ಎತ್ತಿದ. ಎಲ್ಲಿಯೂ ಒಂದು ಗೀರಿಲ್ಲ.

ಫ್ಯೂನರಲ್ ಹೋಮಿನಲ್ಲಿ ಕಾವ್ಯಾ ಅತ್ತೆಯ ಹಣೆಗೆ ಕಾಸು ನಿಲ್ಲಲೆಂದು ಕಲಸಿದ ಅರಿಸಿನ ಹಚ್ಚಿದಳು. ಜಗನ್ ಸುತ್ತಿ ತಂದಿದ್ದ ಬಟ್ಟೆಯ ಚೂರಿನಿಂದ ರೂಪಾಯಿ ತೆಗೆದ. ಆಗ ನೋಡಿಕೊಂಡ, ಕೈಯಲ್ಲಿ ಇನ್ನೂ ಗ್ಲೌಸು. ಇಷ್ಟು ದೂರ ಕಾರು ಓಡಿಸಿದ್ದೂ ಅದರಲ್ಲೇ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಗ್ಲೌಸು ಕಿತ್ತು ಜೇಬಿಗೆ ತುರುಕಿದ.

ರೂಪಾಯಿಯನ್ನು ಹಣೆಗೆ ಒಯ್ಯಲಿಲ್ಲ. ಅವ್ವನ ಬಲಗೈ ಎತ್ತಿ ಅಂಗೈಯಲ್ಲಿಟ್ಟ. ತಣ್ಣಗಿದ್ದ ಬೆರಳುಗಳನ್ನು ಮಡಿಸಲು ಬರಲಿಲ್ಲ. ತನ್ನ ಎರಡೂ ಕೈಗಳಿಂದ ಆ ಕೈಯನ್ನು ಮುಚ್ಚಿ ಹಿಡಿದುಕೊಂಡ, ಬೆವರಿನ ಕೈಗಳಿಂದಲೇ.

"ಮುಟ್ ನೋಡವ್ವ," ಎಂದ.